ಅಳಿಲಿಗೊಂದು ಮತ

ಡೆನ್ಬಿ ಪ್ರುಯಿಟ್‌ನ ಕಷ್ಟಕ್ಕೆಲ್ಲ ಮೂಲ ಹತ್ತು–ಹತ್ತು ಎಂಬ ಎರಡು ಅಂಕೆಗಳು.

ನವೆಂಬರ್ ಕೊನೆಯ ಶನಿವಾರ ಸ್ಟೇಟ್ ಯೂನಿವರ್ಸಿಟಿಯ ಹೇಸರಗತ್ತೆಗಳು, ಟೆಕ್ ಕಾಲೇಜಿನ ಕಡಜಗಳು ಎಂಬ ಎರಡು ತಂಡಗಳು ಎಂಬತ್ತು ಸಾವಿರ ಜನರ ಮುಂದೆ ಮೂರು ಗಂಟೆ ಗುದ್ದಾಡಿ, ಮೂಗು ಮೊಣಕಾಲು ಒಡೆದುಕೊಂಡು, ಹತ್ತಕ್ಕೆ ಹತ್ತು ಸಮ ಮಾಡಿಕೊಂಡು ಮನೆಗೆ ಹೋದವು. ಫುಟ್‌ಬಾಲ್ ಪಂದ್ಯ ಸಮವಾದರೆ ಸಮ ಎಂದೇ ಬಿಡುತ್ತಿದ್ದ ಕಾಲ ಅದು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ, ಗೆರೆ ದಾಟಿಸಿದರೆ ಸಾಮಾನ್ಯವಾಗಿ ಏಳು ಅಂಕ. ಆ ವರ್ಷ ಎರಡೂ ತಂಡಗಳು ಬೇರೆ ಯಾರಿಗೂ ಸೋತಿರಲಿಲ್ಲ. ಹೊಸವರ್ಷದ ದಿನ ಹೇಸರಗತ್ತೆಗಳನ್ನು ಕಡಲೆಕಾಯಿ ವ್ಯಾಪಾರಿಗಳು ಒಂದು ಊರಿಗೂ, ಕಡಜಗಳನ್ನು ಸಿಗಡಿ ವ್ಯಾಪಾರಿಗಳು ಇನ್ನೊಂದು ಊರಿಗೂ ಕರೆಸಿ ಬೇರೆ ಬೇರೆ ತಂಡಗಳೊಡನೆ ಆಡಿಸಿದರು. ಎರಡೂ ಗೆದ್ದವು. ಹಾಗಾದರೆ ದೇಶದ ಚಾಂಪಿಯನ್ ಯಾರು?

ಅದನ್ನು ಮೈದಾನದಲ್ಲಿ ತೀರ್ಮಾನಿಸುವ ಏರ್ಪಾಡೇ ಇರಲಿಲ್ಲ. ಊರಿನ ನಾಯಿ ಹಿಡಿಯುವವನನ್ನು ಆರಿಸಲಿಕ್ಕೂ ಊರಿಗೆ ಊರೇ ಸಾಲಾಗಿ ನಿಂತು ಓಟು ಹಾಕುವ ದೇಶ. ಆದರೆ ಫುಟ್‌ಬಾಲ್ ಚಾಂಪಿಯನ್ ಯಾರೆಂದು ಹೇಳುವವರು ಮಾತ್ರ ಅರವತ್ತೊಂದು ಮಂದಿ ಪತ್ರಕರ್ತರು. ಅವರೆಲ್ಲ ಜನವರಿ ಎರಡರಂದು ಮಧ್ಯಾಹ್ನ ಮೂರರೊಳಗೆ ಸುದ್ದಿಸಂಸ್ಥೆಗೆ ಫೋನ್ ಮಾಡಿ ಒಂದು ಹೆಸರು ಹೇಳಬೇಕು. ಹೆಚ್ಚು ಮಂದಿ ಯಾರ ಹೆಸರು ಹೇಳಿದರೋ ಅವರೇ ಚಾಂಪಿಯನ್. ಯಾರ ಮತ ಯಾರಿಗೆ ಬಿತ್ತೆಂದು ಸಂಸ್ಥೆ ಊರಿಗೆಲ್ಲ ಹೇಳುತ್ತಿರಲಿಲ್ಲ.

ಆ ಅರವತ್ತೊಂದರಲ್ಲಿ ಒಬ್ಬ, 'ಟಲ್ಲವಾ ಕ್ಲಾರಿಯನ್' ಪತ್ರಿಕೆಯ ಕ್ರೀಡಾ ವರದಿಗಾರ ಡೆನ್ಬಿ ಪ್ರುಯಿಟ್. ಹನ್ನೊಂದು ವರ್ಷದಿಂದ ಅವನು ಮತ ಹಾಕುತ್ತಿದ್ದ. ಯಾರೂ ತಿರುಗಿ ನೋಡಿರಲಿಲ್ಲ. ಪ್ರತಿವರ್ಷ ಡಿಸೆಂಬರಿನಲ್ಲಿ ಅವನು ತಪ್ಪದೆ ಒಂದು ಲೇಖನವನ್ನೂ ಬರೆಯುತ್ತಿದ್ದ: 'ಒಳ್ಳೆಯ ನಾಲ್ಕು ತಂಡಗಳನ್ನು ಆರಿಸಿ, ಎರಡು ವಾರ ಆಡಿಸಿ, ಗೆದ್ದವರಿಗೆ ಕೊಡಿ. ಆಟವನ್ನು ಆಡಿ ಗೆಲ್ಲಬೇಕು, ಟೈಪ್‌ರೈಟರಿನಲ್ಲಿ ಅಲ್ಲ.' ಅದನ್ನೂ ಯಾರೂ ತಿರುಗಿ ನೋಡಿರಲಿಲ್ಲ. ಈ ವರ್ಷ ಓದಿದರು. ಹೇಸರಗತ್ತೆಯವರೂ ಕಡಜದವರೂ ಒಟ್ಟಿಗೇ ಸಿಡಿದೆದ್ದರು. "ಇನ್ನೊಂದ್ಸಲ ಆಡಿಸೋದಾ? ಆಡಿಸಿದ್ರೆ ಯಾರಾದ್ರೂ ಒಬ್ರು ಸೋಲ್ತಾರಲ್ರೀ!"

ಇಷ್ಟೇ ಆಗಿದ್ದರೆ ಡೆನ್ಬಿ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಆದರೆ ಅದೇ ಜನವರಿ ಎರಡರ ಮಧ್ಯಾಹ್ನ ಅವನ ಮನೆಗೆ ಬೀಗರು ಊಟಕ್ಕೆ ಬರುವವರಿದ್ದರು.

ಮಗಳು ಜೊನೆಲ್‌ಗೆ ಕರ್ಟಿಸ್ ಸ್ಕ್ರಗ್ಸ್ ಎಂಬ ಹುಡುಗನ ಮೇಲೆ ಮನಸ್ಸು. ಹುಡುಗ ಬೆಣ್ಣೆಯಂಥವನು. ಅವನಪ್ಪ ಹೋಯ್ಟ್ ಸ್ಕ್ರಗ್ಸ್ ಟ್ರ್ಯಾಕ್ಟರ್ ವ್ಯಾಪಾರಿ, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಅವನ ಪ್ರೀತಿಯೆಲ್ಲ ಟೆಕ್ ತಂಡದ ಮೇಲೆ. ಅಂಗಡಿಯ ಟ್ರ್ಯಾಕ್ಟರುಗಳಿಗೂ ಕಡಜದ ಹಳದಿ ಬಣ್ಣ ಬಳಿಸಿದ್ದ. ಡೆನ್ಬಿಯ ಹೆಂಡತಿ ವಿಲೋಡೀನ್ ಹೇಸರಗತ್ತೆಗಳ ಮನೆಯಲ್ಲೇ ಹುಟ್ಟಿದವಳು. ಕ್ರೈಸ್ತರಲ್ಲೇ ಇವರದು ಬ್ಯಾಪ್ಟಿಸ್ಟ್ ಪಂಗಡ, ಅವರದು ಮೆಥಡಿಸ್ಟ್ ಪಂಗಡ. ಮದುವೆ ಯಾವ ಚರ್ಚಿನಲ್ಲಿ ಎಂಬ ಮಾತು ಈಗಾಗಲೇ ಎರಡು ಸಲ ಎದ್ದು, ಎರಡು ಸಲವೂ ಚರ್ಚಿನಿಂದ ಫುಟ್‌ಬಾಲಿಗೆ ಜಾರಿ, ಬೀಗರು ಸಿಹಿ ತಿನ್ನದೆ ಎದ್ದು ಹೋಗಿದ್ದರು.

"ಡ್ಯಾಡಿ," ಎಂದಿದ್ದಳು ಜೊನೆಲ್ ಹಿಂದಿನ ದಿನ, "ನಾಳೇನೂ ಕೆಟ್ರೆ ಮುಗೀತು. ಕರ್ಟಿಸ್‌ಗೆ ಅವರಪ್ಪನ ಮಾತು ಮೀರೋ ಧೈರ್ಯ ಇಲ್ಲ. ಉಂಗುರ ವಾಪಸ್ ಕೊಡಬೇಕಾಗುತ್ತೆ." ಹೇಳುವಾಗ ಅವಳು ಉಂಗುರವನ್ನು ತಿರುಗಿಸುತ್ತಲೇ ಇದ್ದಳು. ಒಬ್ಬಳೇ ಮಗಳು, ಅವಳ ಕಣ್ಣಲ್ಲಿ ನೀರು ಕಂಡರೆ ಡೆನ್ಬಿಗೆ ತಡೆಯಲಾಗುತ್ತಿರಲಿಲ್ಲ.

ಬೆಳಗ್ಗೆ ಏಳಕ್ಕೆ ವಿಲೋಡೀನ್ ಶುರು ಮಾಡಿದಳು.

"ಮೂರಕ್ಕೆ ಫೋನ್ ಮಾಡ್ಬೇಕಲ್ಲ ನೀನು?"

"ಹೂಂ."

"ನಮ್ಮಪ್ಪ ಹೇಸರಗತ್ತೆಗಳ ಪರವಾಗಿ ಆಡಿ ಮೂರು ಹಲ್ಲು ಕಳ್ಕೊಂಡ."

"ಗೊತ್ತು, ವಿಲೋಡೀನ್. ಇಪ್ಪತ್ತಾರು ವರ್ಷದಿಂದ ಗೊತ್ತು."

"ಸುಮ್ನೆ ನೆನಪು ಮಾಡ್ದೆ ಅಷ್ಟೆ," ಎಂದು ಅವಳು ಬೀರುವಿನಿಂದ ಒಂದು ತಗಡಿನ ಡಬ್ಬಿ ತೆಗೆದು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಒಳಗೆ ಹತ್ತಿಯ ಮೇಲೆ ಮೂರು ಹಲ್ಲುಗಳಿದ್ದವು. ಡೆನ್ಬಿ ಮೊಟ್ಟೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಕಾಫಿಯನ್ನಾದರೂ ನೆಮ್ಮದಿಯಾಗಿ ಕುಡಿಯೋಣವೆಂದು ಅವನು ಪೇಟೆಯ ಹೋಟೆಲಿಗೆ ಹೋದ. ಅಲ್ಲಿ ಬಡಿಸುವ ಒಪಲ್ ಎಂಬ ಹೆಂಗಸು ಹೂಜಿಯನ್ನು ಅವನ ಲೋಟದ ಮೇಲೆ ಬಗ್ಗಿಸಿ, ಇನ್ನೇನು ಕಾಫಿ ಬೀಳಬೇಕು ಎನ್ನುವಾಗ ನಿಲ್ಲಿಸಿದಳು.

"ಯಾರಿಗೆ ಓಟು, ಡೆನ್ಬಿ?"

"ಇನ್ನೂ ಯೋಚನೆ ಮಾಡ್ತಿದ್ದೀನಿ, ಒಪಲ್."

"ನನ್ನ ಮೊಮ್ಮಗ ಟೆಕ್‌ನಲ್ಲಿ ಡೋಲು ಬಾರಿಸ್ತಾನೆ. ನೀವು ಯೋಚನೆ ಮಾಡಿ. ಯೋಚನೆ ಮುಗಿದ ಮೇಲೆ ಕಾಫಿ ಹಾಕ್ತೀನಿ." ಹೂಜಿ ಪಕ್ಕದ ಮೇಜಿಗೆ ಹೋಯಿತು.

ಪಕ್ಕದ ಮೇಜಿನಲ್ಲಿದ್ದವರು ಡೆನ್ಬಿಯ ಚರ್ಚಿನ ಪಾದ್ರಿ ಬ್ರದರ್ ಟಿಡ್ವೆಲ್. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ಡೆನ್ಬಿ, ನಾನು ನಿಮ್ಮ ಮತದ ವಿಷಯದಲ್ಲಿ ಕೈ ಹಾಕಲ್ಲ. ಅದು ನಿಮಗೂ ದೇವರಿಗೂ ಬಿಟ್ಟಿದ್ದು. ಆದ್ರೆ ದೇವರು ಹೇಸರಗತ್ತೆಗಳ ಕಡೆ ಇದ್ದಾನೆ ಅನ್ನೋದಕ್ಕೆ ಮೊನ್ನೆ ಕೊನೇ ಕಾಲುಗಂಟೆ ಆಟವೇ ಸಾಕ್ಷಿ."

"ಹಾಗಾದ್ರೆ ಅದು ಸಮ ಯಾಕಾಯ್ತು, ಬ್ರದರ್?"

"ಆ ದಿನ ದೇವರು ನಮ್ಮ ನಂಬಿಕೆ ಪರೀಕ್ಷೆ ಮಾಡ್ತಿದ್ದ," ಎಂದರು ಬ್ರದರ್ ಟಿಡ್ವೆಲ್, ಡೆನ್ಬಿಗೆ ಸಿಗದ ಕಾಫಿಯನ್ನು ಹೀರುತ್ತ.

ಕಾಫಿಯಿಲ್ಲದೆ ಕಾರು ಹತ್ತಿದ ಡೆನ್ಬಿ ಅರ್ಧ ಮೈಲಿ ಹೋಗುವಷ್ಟರಲ್ಲಿ ಹಿಂದೆ ಪೊಲೀಸ್ ದೀಪ ಮಿನುಗಿತು. ಡೆಪ್ಯೂಟಿ ಡಿವಿ ಕಿಟಕಿಯ ಹತ್ತಿರ ಬಂದು ದಂಡದ ಚೀಟಿಯ ಪುಸ್ತಕ ತೆಗೆದ.

"ಜೋರಾಗಿ ಹೋದ್ನಾ, ಡಿವಿ?"

"ಇಲ್ಲ ಸರ್. ತುಂಬಾ ನಿಧಾನ ಹೋಗ್ತಿದ್ರಿ. ಇಲ್ನೋಡಿ." ಡಿವಿ ಚೀಟಿಯ ಹಿಂಬದಿಯಲ್ಲಿ ಸೊನ್ನೆಗಳನ್ನೂ ಗುಣಿಸುವ ಗುರುತುಗಳನ್ನೂ ಬರೆಯತೊಡಗಿದ. "ಇವನು ನಮ್ಮ ಹುಡುಗ. ಚೆಂಡು ಇವನ ಕೈಲಿದೆ. ಇವನು ಕಡಜದವನು, ಹಿಂದಿನಿಂದ ಅಂಗಿ ಹಿಡ್ಕೊಂಡ. ಅಂಪೈರು ಎಲ್ಲಿ ನೋಡ್ತಿದ್ದ? ಇಲ್ಲಿ. ಇದು ಹತ್ತಕ್ಕೆ ಹತ್ತಾ? ನೀವೇ ಹೇಳಿ, ಇದು ಹದಿನೇಳಕ್ಕೆ ಹತ್ತು!"

ಆರು ಚೀಟಿ ಖರ್ಚಾದವು. ಹಿಂದೆ ಬಂದು ನಿಂತ ಲಾರಿಯವನು ಇಳಿದು ಬಂದು ಚಿತ್ರ ನೋಡಿ, ಅಂಗಿ ಹಿಡಿದದ್ದು ಹೇಸರಗತ್ತೆಯವನೇ ಎಂದ. ಅವರಿಬ್ಬರಿಗೂ ಮಾತು ಬೆಳೆಯಿತು. ಡೆನ್ಬಿ ಮೆಲ್ಲಗೆ ಕಾರು ಮುಂದೆ ಬಿಟ್ಟುಕೊಂಡು ಪಾರಾದ.

ಕಚೇರಿಯಲ್ಲಿ ಪತ್ರಿಕೆಯ ಮಾಲೀಕ ಲೆಡ್‌ಬೆಟರ್ ಕಾದು ಕುಳಿತಿದ್ದರು. "ಬಾಗಿಲು ಹಾಕಿ ಕೂತ್ಕೊಳ್ಳಿ, ಪ್ರುಯಿಟ್. ವಾರವಾರ ಕೊನೇ ಪುಟದ ಜಾಹೀರಾತು ಕೊಡೋರು ಯಾರು? ಹೋಯ್ಟ್ ಸ್ಕ್ರಗ್ಸ್. ಕಡಜ. ಪತ್ರಿಕೆ ಕೊಳ್ಳೋರಲ್ಲಿ ಮುಕ್ಕಾಲು ಪಾಲು ಯಾರು? ಹೇಸರಗತ್ತೆಗಳು. ಆದ್ದರಿಂದ ಯೋಚನೆ ಮಾಡಿ ಸರಿಯಾದ್ದು ಮಾಡಿ."

"ಯಾವುದು ಸರಿ, ಸರ್?"

"ಅದು ನನಗೇ ಗೊತ್ತಿದ್ದಿದ್ರೆ ನಿಮ್ಮನ್ನ ಯಾಕೆ ಇಟ್ಕೋತಿದ್ದೆ?"

ಡೆನ್ಬಿ ತನ್ನ ಮೇಜಿಗೆ ಬಂದು ಕುಸಿದ. ಮೇಜಿನ ಮೇಲೆ ಸಣ್ಣ ಪಾರ್ಸೆಲ್ ಒಂದಿತ್ತು. ಬಿಚ್ಚಿದರೆ ಒಳಗೆ ಕಾಡುಹಣ್ಣಿನ ಜಾಮಿನ ಸೀಸೆ, ಜೊತೆಗೊಂದು ಚೀಟಿ: 'ಪ್ರಿಯ ಪ್ರುಯಿಟ್ ಅವರೇ, ನಾವೂ ಇದ್ದೇವೆ. ಹನ್ನೆರಡು ಆಡಿ ಹನ್ನೆರಡೂ ಗೆದ್ದಿದ್ದೇವೆ. ಜಾಮ್ ನನ್ನ ಹೆಂಡತಿ ಮಾಡಿದ್ದು. ಮರೆಯಬೇಡಿ. — ಲುಂಡ್‌ಗ್ರೆನ್, ಕೋಚ್, ಬಿಟರ್‌ಕ್ರೀಕ್ ಕಾಲೇಜು.'

ಬಿಟರ್‌ಕ್ರೀಕ್ ಎಂಬುದು ದೂರದ ಬೆಟ್ಟಸೀಮೆಯ ಪುಟ್ಟ ಕಾಲೇಜು. ತಂಡದ ಹೆಸರು ಅಳಿಲುಗಳು, ಕೋಚ್ ಒಬ್ಬ ಮುದುಕ. ಹನ್ನೆರಡು ಗೆದ್ದದ್ದೇನೋ ನಿಜ, ಆದರೆ ಯಾರ ಮೇಲೆ? ಒಂದು ಗಣಿ ಶಾಲೆ, ಒಂದು ಪಾದ್ರಿ ಶಾಲೆ, ಹಿಮದಲ್ಲಿ ಬಸ್ಸು ಕೆಟ್ಟು ಒಂಬತ್ತೇ ಜನ ಬಂದು ಸೇರಿದ ಇನ್ನೊಂದು ತಂಡ. ಬೆಳಗಿನಿಂದ ಮೊದಲ ಸಲ ಡೆನ್ಬಿಗೆ ನಗು ಬಂತು. ಸೀಸೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಹೊರಟ.

ಊಟದ ಮೇಜು ತುಂಬಿತ್ತು. ಕರಿದ ಕೋಳಿ, ಬೇಯಿಸಿದ ಸೊಪ್ಪು, ಹೊಸವರ್ಷಕ್ಕೆ ಅದೃಷ್ಟವೆಂದು ಮಾಡಿ ಮಿಕ್ಕಿದ್ದ ಅಲಸಂದೆ, ಬಿಸಿಬಿಸಿ ಬನ್ನು. ಬನ್ನಿಗೆ ಡೆನ್ಬಿ ತಂದ ಜಾಮ್. ಮಧ್ಯದಲ್ಲಿ ಹೂದಾನಿಯ ಜಾಗದಲ್ಲಿ ಹಲ್ಲಿನ ಡಬ್ಬಿ. ಹೋಯ್ಟ್ ಸ್ಕ್ರಗ್ಸ್ ಅಪ್ಪಟ ಹಳದಿ ಕೋಟಿನಲ್ಲಿ ಬಂದಿದ್ದ. ಕರ್ಟಿಸ್ ಅವನ ಪಕ್ಕದಲ್ಲಿ ಕೂತು, ಯಾರು ಏನು ಕೇಳಿದರೂ "ಹೌದು ಸರ್," "ಹೌದು ಮ್ಯಾಮ್" ಎನ್ನುತ್ತ ಕೋಳಿಯ ಕಾಲು ತಿನ್ನುತ್ತಿದ್ದ.

ಮೊದಲ ಹತ್ತು ನಿಮಿಷ ಹವಾಮಾನದ ಮಾತಾಯಿತು. ಹನ್ನೊಂದನೆಯ ನಿಮಿಷಕ್ಕೆ ಹೋಯ್ಟ್ ಬನ್ನಿನ ಮೇಲೆ ಜಾಮ್ ಸವರುತ್ತ, "ಜಾಮ್ ಬಲು ಚೆನ್ನಾಗಿದೆ, ವಿಲೋಡೀನ್ ಮ್ಯಾಮ್. ಅಂದಹಾಗೆ ಆ ಡಬ್ಬಿಯಲ್ಲೇನು?" ಎಂದ.

"ನಮ್ಮಪ್ಪನ ಹಲ್ಲು. ಹೇಸರಗತ್ತೆಗಳಿಗಾಗಿ ಕಳ್ಕೊಂಡಿದ್ದು."

ಹೋಯ್ಟ್ ಮುಚ್ಚಳ ತೆಗೆದು ಇಣುಕಿದ. "ಇಷ್ಟು ದೊಡ್ಡದಿದೆ, ನಾನು ನಿಜವಾದ ಕತ್ತೆದೇ ಅಂದ್ಕೊಂಡೆ."

ಅಲ್ಲಿಯವರೆಗೆ ಯಾವ ಚರ್ಚಾದರೂ ಸರಿ ಎನ್ನುತ್ತಿದ್ದ ಜೊನೆಲ್‌ಳ ಮುಖ ಕೆಂಪಾಯಿತು. "ಅದು ನಮ್ಮಜ್ಜಂದು, ಮಿಸ್ಟರ್ ಸ್ಕ್ರಗ್ಸ್," ಎಂದು ಅವಳು ಕುರ್ಚಿಯನ್ನು ಅಮ್ಮನ ಪಕ್ಕಕ್ಕೆ ಎಳೆದುಕೊಂಡಳು. ವಿಲೋಡೀನ್, ನೊಣಗಳಿಗೆ ಹಳದಿ ಬಣ್ಣ ಬಳಿದರೆ ಕಡಜವಾಗುವುದಿಲ್ಲ ಎಂದಳು. ಕರ್ಟಿಸ್ ಅಭ್ಯಾಸಬಲದಿಂದ "ಹೌದು ಮ್ಯಾಮ್" ಎಂದು, ಅಪ್ಪನಿಂದ ಮೊಣಕೈ ತಿವಿತ ತಿಂದ. ಹೋಯ್ಟ್ ಕರವಸ್ತ್ರ ಮಡಿಸಿದ. ಹಿಂದಿನ ಎರಡು ಸಲವೂ ಅವನು ಏಳುವ ಮೊದಲು ಹೀಗೆಯೇ ಕರವಸ್ತ್ರ ಮಡಿಸಿದ್ದ.

"ಹೋಯ್ಟ್, ಸ್ವಲ್ಪ ಹೊರಗಡೆ ಬನ್ನಿ, ಗಾಳಿ ಚೆನ್ನಾಗಿದೆ," ಎಂದು ಡೆನ್ಬಿ ಅವನನ್ನು ಕೈಹಿಡಿದು ಜಗುಲಿಗೆ ಎಳೆದುಕೊಂಡು ಹೋದ.

ಜಗುಲಿಯಲ್ಲಿ ಹೋಯ್ಟ್ ದನಿ ತಗ್ಗಿಸಿದ. "ಡೆನ್ಬಿ, ನಾನು ವ್ಯಾಪಾರಸ್ಥ. ನೇರವಾಗಿ ಹೇಳ್ತೀನಿ. ಮೂರಕ್ಕೆ ನೀವು ಫೋನಿನಲ್ಲಿ ಕಡಜ ಅಂದ್ಬಿಡಿ. ಮದುವೆ ನಿಮ್ಮ ಬ್ಯಾಪ್ಟಿಸ್ಟ್ ಚರ್ಚಲ್ಲೇ ಆಗ್ಲಿ. ನಾನು ಒಂದು ಮಾತೂ ಆಡಲ್ಲ."

ಡೆನ್ಬಿಗೆ ಮಗಳ ಉಂಗುರ ಕಣ್ಣ ಮುಂದೆ ಬಂತು. "ಆಗ್ಲಿ, ಹೋಯ್ಟ್," ಎಂದುಬಿಟ್ಟ.

ಒಳಗೆ ಬಂದು ಅಡುಗೆಮನೆಗೆ ನೀರಿಗೆ ಹೋದರೆ ವಿಲೋಡೀನ್ ಬಾಗಿಲು ಹಾಕಿದಳು. "ನೋಡು ಡೆನ್ಬಿ. ಮಗಳ ಮುಖ ನೋಡೋಕಾಗ್ತಿಲ್ಲ ನನಗೆ. ನೀನು ಹೇಸರಗತ್ತೆಗೆ ಮತ ಹಾಕ್ತೀನಿ ಅಂತ ಮಾತು ಕೊಡು, ಮೆಥಡಿಸ್ಟ್ ಚರ್ಚಿಗೆ ನಾನು ಒಪ್ಕೋತೀನಿ. ಅಪ್ಪನ ಆತ್ಮಕ್ಕೆ ಅಷ್ಟಾದ್ರೂ ಸಮಾಧಾನ ಆಗ್ಲಿ."

ಅವಳು ನಿಜವಾಗಿಯೂ ಕಣ್ಣೊರೆಸಿಕೊಂಡಳು. "ಆಗ್ಲಿ, ವಿಲೋಡೀನ್," ಎಂದುಬಿಟ್ಟ ಡೆನ್ಬಿ.

ಹೀಗೆ ಐದು ನಿಮಿಷದಲ್ಲಿ ಒಂದೇ ಮತ ಎರಡು ಕಡೆಗೆ ಮಾರಾಟವಾಯಿತು. ಮನೆಯಲ್ಲಿ ಫೋನಿತ್ತು, ಆದರೆ ಅದು ಊಟದ ಮೇಜಿನ ಪಕ್ಕದಲ್ಲೇ. ಐಸ್‌ಕ್ರೀಮ್ ತರುತ್ತೇನೆಂದು ಹೇಳಿ ಡೆನ್ಬಿ ಎರಡೂವರೆಗೆ ಮನೆ ಬಿಟ್ಟ. ಬೀದಿಯ ತುದಿಯಲ್ಲಿ ಪ್ರೆಸ್ಬಿಟೇರಿಯನ್ನರೆಂಬ ಮೂರನೆಯ ಪಂಗಡದ ಸಣ್ಣ ಚರ್ಚೊಂದಿತ್ತು. ನಲವತ್ತು ಮಂದಿ ಸದಸ್ಯರು, ಯಾರ ತಂಟೆಗೂ ಹೋಗದವರು. ಅದರ ಮುಂದೆ ಒಂದು ಫೋನ್ ಬೂತು. ಡೆನ್ಬಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಇಪ್ಪತ್ತು ನಿಮಿಷ ನಿಂತ.

ಕಡಜವೆಂದರೆ ಹೆಂಡತಿಗೆ ಮೋಸ. ಹೇಸರಗತ್ತೆ ಎಂದರೆ ಬೀಗನಿಗೆ ಮೋಸ. ಅತ್ತ ದರಿ, ಇತ್ತ ಪುಲಿ. ಕಿರುಬೆರಳಿಗೆ ಏನೋ ಅಂಟಿದಂತಿತ್ತು. ನೋಡಿದರೆ ಜಾಮ್. ನೆಕ್ಕಿದ. ಹೋಯ್ಟ್ ಹೇಳಿದ್ದು ನಿಜ, ಬಲು ಚೆನ್ನಾಗಿತ್ತು.

ಆಗ ಹೊಳೆಯಿತು. ಅಳಿಲಿಗೆ ಹಾಕಿದರೆ? ಹೇಸರಗತ್ತೆಗೂ ಕಡಜಕ್ಕೂ ಹೆಚ್ಚು ಕಡಿಮೆ ಮೂವತ್ತು ಮೂವತ್ತು ಮತ ಹೇಗೂ ಬೀಳುತ್ತವೆ. ಯಾರು ಗೆದ್ದರೂ ಅದು ತನ್ನಿಂದಲ್ಲ, ಯಾರು ಸೋತರೂ ಅದು ತನ್ನಿಂದಲ್ಲ. ಗುಟ್ಟಾಗಿರುವುದರಿಂದ ವಿಲೋಡೀನ್ ತನ್ನ ಕಡೆಗೆ ಎಂದುಕೊಳ್ಳುತ್ತಾಳೆ, ಹೋಯ್ಟ್ ತನ್ನ ಕಡೆಗೆ ಎಂದುಕೊಳ್ಳುತ್ತಾನೆ. ಬೆಟ್ಟದ ಆ ಮುದುಕ ಕೋಚಿಗೆ ಒಂದು ಮತ ಬಿದ್ದರೆ ಸಂತೋಷ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಇದೊಂದು ಅಳಿಲು ಸೇವೆ.

ಮೂರಕ್ಕೆ ಐದು ನಿಮಿಷವಿರುವಾಗ ಅವನು ಫೋನ್ ಮಾಡಿದ. "ಪ್ರುಯಿಟ್, ಟಲ್ಲವಾ ಕ್ಲಾರಿಯನ್. ನನ್ನ ಮತ ಬಿಟರ್‌ಕ್ರೀಕ್‌ಗೆ."

ಆ ಕಡೆಯ ಹುಡುಗಿ ಕಿಸಕ್ಕನೆ ನಕ್ಕಳು. "ಅಯ್ಯೋ, ನೀವೂನಾ ಸರ್?"

ಡೆನ್ಬಿಗೆ ಆ ಮಾತಿನ ಮೇಲೆ ಗಮನ ಹೋಗಲಿಲ್ಲ. ಎದೆಯ ಮೇಲಿನಿಂದ ಟ್ರ್ಯಾಕ್ಟರ್ ಇಳಿದಂತಾಗಿತ್ತು. ಶಿಳ್ಳೆ ಹಾಕುತ್ತ ಪೀಚ್ ಹಣ್ಣಿನ ಐಸ್‌ಕ್ರೀಮ್ ಕೊಂಡು ಮನೆಗೆ ಬಂದ. ಬಾಗಿಲಲ್ಲೇ ವಿಲೋಡೀನ್ ಹುಬ್ಬು ಹಾರಿಸಿ ಕೇಳಿದಳು. ಡೆನ್ಬಿ ಕಣ್ಣು ಮಿಟುಕಿಸಿದ. ಅವಳ ಭುಜದ ಮೇಲಿನಿಂದ ಹೋಯ್ಟ್ ಹುಬ್ಬು ಹಾರಿಸಿದ. ಅದೇ ಮಿಟುಕು ಅವನಿಗೂ ಸಾಕಾಯಿತು.

ಆಮೇಲಿನ ಎರಡೂವರೆ ಗಂಟೆ ಆ ಮನೆಯಲ್ಲಿ ಸ್ವರ್ಗವೇ ಇಳಿದಿತ್ತು.

"ವಿಲೋಡೀನ್ ಮ್ಯಾಮ್," ಎಂದ ಹೋಯ್ಟ್, ಎರಡನೆಯ ಬಟ್ಟಲು ಐಸ್‌ಕ್ರೀಮಿಗೆ ಕೈ ಚಾಚುತ್ತ, "ನಾನು ಯೋಚನೆ ಮಾಡ್ದೆ. ಹುಡುಗಿಯ ಚರ್ಚಲ್ಲಿ ಮದುವೆ ಆಗೋದೇ ಲಕ್ಷಣ. ಬ್ಯಾಪ್ಟಿಸ್ಟ್ ಚರ್ಚಲ್ಲೇ ಆಗ್ಲಿ."

"ಛೆ ಛೆ, ಎಲ್ಲಾದ್ರೂ ಉಂಟಾ!" ಎಂದಳು ವಿಲೋಡೀನ್. "ನಿಮ್ಮ ಮೆಥಡಿಸ್ಟ್ ಚರ್ಚು ದೊಡ್ಡದು, ಗಾಳಿ ಬೆಳಕು ಇದೆ. ಅಲ್ಲೇ ಆಗ್ಲಿ."

"ಬೇಡ ಬೇಡ, ನಿಮ್ಮಲ್ಲೇ."

"ಖಂಡಿತ ಇಲ್ಲ, ನಿಮ್ಮಲ್ಲೇ!"

"ನನ್ನ ಮಾತು ಅಂದ್ರೆ ಮಾತು, ಮ್ಯಾಮ್! ಬ್ಯಾಪ್ಟಿಸ್ಟ್!"

"ನಂದೂ ಅಷ್ಟೆ! ಮೆಥಡಿಸ್ಟ್!"

ಉಪಚಾರವೇ ಜಗಳವಾಗುವ ಹೊತ್ತಿಗೆ ಜೊನೆಲ್ ನಕ್ಕುಬಿಟ್ಟಳು. ಕರ್ಟಿಸ್ ಮೊದಲ ಬಾರಿಗೆ ಸ್ವಂತವಾಗಿ ಒಂದು ಮಾತಾಡಿದ: "ಜಾಮ್ ಇನ್ನೂ ಇದೆಯಾ?" ಸೀಸೆಯ ತಳದಲ್ಲಿ ಉಳಿದಿದ್ದನ್ನು ಹೋಯ್ಟ್ ಮಗನ ಬನ್ನಿಗೆ ತಾನೇ ಸವರಿಕೊಟ್ಟ. ಡೆನ್ಬಿ ಕುರ್ಚಿಗೆ ಒರಗಿ ಮಗಳನ್ನು ನೋಡುತ್ತ ಕೂತ. ಅವಳು ಉಂಗುರ ತಿರುಗಿಸುವುದನ್ನು ಮರೆತಿದ್ದಳು. ಇಷ್ಟು ಸಂತೋಷ ಅವನಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಆರು ಗಂಟೆಗೆ ರೇಡಿಯೊ ಹಾಕಿದರು.

"...ಸುದ್ದಿಸಂಸ್ಥೆಯ ಮತದಾನದಲ್ಲಿ ಸ್ಟೇಟ್ ಯೂನಿವರ್ಸಿಟಿಗೆ ಇಪ್ಪತ್ತು ಮತ," ಎಂದಿತು ರೇಡಿಯೊ. ವಿಲೋಡೀನ್ ಕೈ ಜೋಡಿಸಿದಳು. "ಟೆಕ್‌ಗೆ ಇಪ್ಪತ್ತು ಮತ." ಹೋಯ್ಟ್ ಕೈ ಜೋಡಿಸಿದ. "ಇಪ್ಪತ್ತೊಂದು ಮತ ಪಡೆದು, ಒಂದೇ ಒಂದು ಮತದ ಅಂತರದಿಂದ ಈ ವರ್ಷದ ರಾಷ್ಟ್ರೀಯ ಚಾಂಪಿಯನ್ ಆಗಿರುವುದು ಬಿಟರ್‌ಕ್ರೀಕ್ ಕಾಲೇಜಿನ ಅಳಿಲುಗಳು."

ಡೆನ್ಬಿಯ ಚಮಚದಿಂದ ಐಸ್‌ಕ್ರೀಮ್ ಕರಗಿ ಪ್ಯಾಂಟಿನ ಮೇಲೆ ಬಿತ್ತು.

"ಅಳಿಲಾ?" ಎಂದ ಹೋಯ್ಟ್.

"ಪಾದ್ರಿಗಳನ್ನ ಸೋಲಿಸಿದ ಅಳಿಲಾ?" ಎಂದಳು ವಿಲೋಡೀನ್.

"ನಾವು ಹೋಗ್ಲಿ ಮ್ಯಾಮ್, ನಿಮ್ಮ ಕತ್ತೆಗಳಾದ್ರೂ ಗೆದ್ದಿದ್ರೆ ಸಹಿಸ್ಕೋತಿದ್ದೆ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ. ಕಡಜ ಎಷ್ಟಾದ್ರೂ ನಮ್ಮ ರಾಜ್ಯದ್ದೇ. ಇಪ್ಪತ್ತೊಂದು ಜನ ದ್ರೋಹಿಗಳು ಅಂದ್ರೆ ಏನು!"

ಹೋಯ್ಟ್ ಎದ್ದು ಬಂದು ವಿಲೋಡೀನ್‌ಳ ಪಕ್ಕದಲ್ಲಿ ಕೂತ. ಇಬ್ಬರೂ ಸೇರಿ ಆ ಇಪ್ಪತ್ತೊಂದು ಮಂದಿಯ ಅಪ್ಪ ಅಜ್ಜಂದಿರನ್ನೆಲ್ಲ ಸ್ಮರಿಸತೊಡಗಿದರು. ಡೆನ್ಬಿಗೆ ಅರ್ಥವಾಯಿತು: ಇಷ್ಟು ವರ್ಷದಲ್ಲಿ ಇವರಿಬ್ಬರೂ ಒಪ್ಪಿದ ಮೊದಲ ವಿಷಯ ಇದು. ಈ ಕಾವು ಆರಬಾರದು. ಅವನು ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದ.

"ಅಂಥವರಿಗೆ ಊಟ ಹಾಕಬಾರದು! ಅವರ ಮುಖ ನೋಡಬಾರದು! ಅಂಥವನಿಗೆ ಹೆಣ್ಣು ಕೊಡಬಾರದು, ಅಂಥವನ ಮನೆಯಿಂದ ಹೆಣ್ಣು ತರಬಾರದು!"

"ಸರಿಯಾಗಿ ಹೇಳಿದ್ರಿ, ಡೆನ್ಬಿ!" ಎಂದು ಹೋಯ್ಟ್ ಅವನ ಬೆನ್ನು ತಟ್ಟಿದ. ಆಗ ಫೋನ್ ಬಡಿದುಕೊಂಡಿತು.

ವಿಲೋಡೀನ್ ಎತ್ತಿದಳು. ಆ ಕಡೆಯವನಿಗೆ ಕಿವಿ ಮಂದವಿರಬೇಕು. ಅವನ ದನಿ ಫೋನಿನಿಂದ ಹೊರಟು ಇಡೀ ಕೋಣೆಗೆ ಕೇಳಿಸುತ್ತಿತ್ತು.

"ಮಿಸಸ್ ಪ್ರುಯಿಟ್ ಏನಮ್ಮಾ? ನಾನು ಕೋಚ್ ಲುಂಡ್‌ಗ್ರೆನ್, ಬಿಟರ್‌ಕ್ರೀಕ್‌ನಿಂದ! ನಿಮ್ಮ ಯಜಮಾನರಿಗೆ ಥ್ಯಾಂಕ್ಸ್ ಹೇಳೋಣ ಅಂತ!"

"ಯಾಕೆ?" ಎಂದಳು ವಿಲೋಡೀನ್ ಮೆಲ್ಲಗೆ.

"ಗೆದ್ದ ಕಾಲೇಜಿಗೆ ಮಾತ್ರ ಮತ ಹಾಕಿದವರ ಪಟ್ಟಿ ಕೊಡ್ತಾರಮ್ಮಾ, ಥ್ಯಾಂಕ್ಸ್ ಹೇಳೋಕೆ ಅಂತ! ನಿಮ್ಮ ಯಜಮಾನರದ್ದೇ ಕೊನೇ ಮತವಂತೆ, ಮೂರಕ್ಕೆ ಐದು ನಿಮಿಷ ಇದ್ದಾಗ! ಅವರಿಂದಲೇ ಗೆದ್ದಿದ್ದು ನಾವು!"

ಹನ್ನೊಂದು ವರ್ಷದಲ್ಲಿ ಗೆದ್ದ ಯಾವ ದೊಡ್ಡ ಕಾಲೇಜೂ ಡೆನ್ಬಿಗೆ ಥ್ಯಾಂಕ್ಸ್ ಹೇಳಿರಲಿಲ್ಲ. ಇಂಥ ಪಟ್ಟಿಯೊಂದಿದೆ ಎಂದು ಅವನಿಗೆ ಗೊತ್ತಾದದ್ದೇ ಆಗ.

ಮುದುಕ ಇನ್ನೂ ಕೂಗುತ್ತಿದ್ದ. "ನಾಲ್ಕು ಗಂಟೆಯಿಂದ ನಾನು ಫೋನ್ ಮಾಡಿದವರಲ್ಲಿ ನೀವು ಹದಿನಾರನೆಯವರು! ಎಲ್ಲರದ್ದೂ ಒಂದೇ ಕತೆ! ಒಬ್ಬರಿಗೆ ಅತ್ತೆ ಕಾಟ, ಒಬ್ಬರಿಗೆ ಮಾಲೀಕರ ಕಾಟ, ಒಬ್ಬರನ್ನ ಪೊಲೀಸರೇ ಹಿಡ್ಕೊಂಡಿದ್ದರಂತೆ! 'ನನ್ನದೊಂದು ಮತದಿಂದ ಏನಾಗುತ್ತೆ, ಅ‌ಳಿಲಿಗೆ ಹಾಕಿದ್ರೆ ಯಾರಿಗೂ ನೋವಾಗಲ್ಲ' ಅಂತ ಎಲ್ಲರೂ ಅಂದ್ಕೊಂಡರಂತೆ! ಅಮ್ಮಾ, ಜಾಮ್ ಹೇಗಿತ್ತು? ಇನ್ನೊಂದು ಡಜನ್ ಸೀಸೆ ಕಳಿಸ್ತಿದ್ದೀನಿ!"

ವಿಲೋಡೀನ್ ಫೋನ್ ಇಟ್ಟಳು. ನಾಲ್ಕು ಜೊತೆ ಕಣ್ಣುಗಳು ಖಾಲಿ ಸೀಸೆಯ ಮೇಲೆ ಹೋಗಿ, ಅಲ್ಲಿಂದ ಡೆನ್ಬಿಯ ಮೇಲೆ ಬಂದು ನಿಂತವು. ಹೋಯ್ಟ್ ತನ್ನ ತುಟಿಯಂಚಿಗೆ ಅಂಟಿದ್ದ ಜಾಮನ್ನು ಕರವಸ್ತ್ರದಿಂದ ಒರೆಸಿ, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದ.

"ನನಗೆ ಕಡಜ ಅಂತ ಮಾತು ಕೊಟ್ಟಿದ್ರಿ."

"ನನಗೆ ಹೇಸರಗತ್ತೆ ಅಂತ ಮಾತು ಕೊಟ್ಟಿದ್ದೆ!" ಎಂದಳು ವಿಲೋಡೀನ್. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ಅದಕ್ಕೇನಾ ನೀವು ಬ್ಯಾಪ್ಟಿಸ್ಟ್ ಚರ್ಚು ಅಂದಿದ್ದು?"

"ಅದಕ್ಕೇನಾ ನೀವು ಮೆಥಡಿಸ್ಟ್ ಅಂದಿದ್ದು? ಹಾಗಾದ್ರೆ ಆ ಮಾತು ವಾಪಸ್!"

"ನಂದೂ ವಾಪಸ್! ಮದುವೆ ಬ್ಯಾಪ್ಟಿಸ್ಟ್ ಚರ್ಚಲ್ಲೇ!"

"ಮೆಥಡಿಸ್ಟ್!"

"ಸಾಕು!" ಎಂದು ಜೊನೆಲ್ ಮೇಜು ಗುದ್ದಿದಳು. ಹಲ್ಲುಗಳು ಡಬ್ಬಿಯಲ್ಲಿ ಗಲಗಲ ಎಂದವು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಬೆಂಕಿ. "ಇವತ್ತು ತೀರ್ಮಾನ ಆಗದೆ ಯಾರೂ ಈ ಮನೆಯಿಂದ ಹೊರಗೆ ಹೋಗೋ ಹಾಗಿಲ್ಲ. ಮತ ಹಾಕೋಣ. ಹೆಚ್ಚು ಕೈ ಎಲ್ಲಿ ಏಳುತ್ತೋ ಅಲ್ಲೇ ಮದುವೆ. ಒಪ್ಪಿಗೆನಾ?"

ಎಲ್ಲರೂ ಒಪ್ಪಿದರು.

"ಬ್ಯಾಪ್ಟಿಸ್ಟ್?" ವಿಲೋಡೀನ್ ಕೈ ಎತ್ತಿದಳು. ಅಜ್ಜನ ಹಲ್ಲನ್ನು ನೆನೆದು ಜೊನೆಲ್‌ಳೂ ಎತ್ತಿದಳು. ಎರಡು.

"ಮೆಥಡಿಸ್ಟ್?" ಹೋಯ್ಟ್ ಕೈ ಎತ್ತಿದ. ಕರ್ಟಿಸ್ ಜೊನೆಲ್‌ಳನ್ನು ನೋಡಿದ, ಅಪ್ಪನನ್ನು ನೋಡಿದ, "ಹೌದು ಸರ್" ಎಂದು ಅರ್ಧ ಕೈ ಎತ್ತಿದ. ಎರಡು.

ನಾಲ್ವರೂ ಡೆನ್ಬಿಯ ಕಡೆಗೆ ತಿರುಗಿದರು. ವಿಲೋಡೀನ್‌ಳ ಕೈ ಹಲ್ಲಿನ ಡಬ್ಬಿಯ ಮೇಲಿತ್ತು. ಹೋಯ್ಟ್‌ನ ಕೈಯಲ್ಲಿ ಮಧ್ಯಾಹ್ನದ ಬನ್ನೊಂದಿತ್ತು, ತಣ್ಣಗಾಗಿ ಇಟ್ಟಿಗೆಯಂತಾಗಿತ್ತು.

"ಹೇಳು ಡ್ಯಾಡಿ," ಎಂದಳು ಜೊನೆಲ್. "ನಿನ್ನದೊಂದೇ ಮತ ಉಳಿದಿರೋದು."

ಡೆನ್ಬಿ ಹೆಂಡತಿಯ ಮುಖ ನೋಡಿದ. ಬೀಗನ ಮುಖ ನೋಡಿದ. ಕಾಲರು ಸಡಿಲ ಮಾಡಿಕೊಂಡು, ಇಬ್ಬರಿಗೂ ಸಮನಾಗಿ ನಗಲು ಪ್ರಯತ್ನಿಸಿದ.

"ಅಲ್ಲಾ," ಎಂದ ಅವನು, "ಬೀದಿ ತುದೀಲಿ ಪ್ರೆಸ್ಬಿಟೇರಿಯನ್ನರದ್ದೊಂದು ಸಣ್ಣ ಚರ್ಚಿದೆಯಲ್ಲ..."

ಡೆನ್ಬಿಯ ಹಣೆಗೆ ಮೊದಲು ಬಂದು ಬಡಿದದ್ದು ಬನ್ನೋ ಹಲ್ಲಿನ ಡಬ್ಬಿಯೋ ಎಂಬ ಬಗ್ಗೆ ಟಲ್ಲವಾದಲ್ಲಿ ಇವತ್ತಿಗೂ ಒಮ್ಮತವಿಲ್ಲ. ಡಬ್ಬಿ ಎನ್ನುವವರು ಅರ್ಧ, ಬನ್ನು ಎನ್ನುವವರು ಅರ್ಧ. ಮತಕ್ಕೆ ಹಾಕಿ ತೀರ್ಮಾನಿಸೋಣ ಎಂದು ಬ್ರದರ್ ಟಿಡ್ವೆಲ್ ಒಮ್ಮೆ ಸೂಚಿಸಿದರು. ಡೆನ್ಬಿ ಅಂದೇ ಊರು ಬಿಟ್ಟು ಮೂರು ದಿನ ಮೀನು ಹಿಡಿಯಲು ಹೋದ.